ಟೆಸ್ಲಾನ ದೋಣಿಗೆ ವೇಗ ಬಂದ ಬಗೆ

ದೂರದಿಂದಲೇ ನಡೆಸಬಹುದಾದ ಆಟಿಕೆ ಕಾರು, ವಿಮಾನ, ದೋಣಿಗಳನ್ನು ಇಂದು ಕಾಣದವರು ವಿರಳ. ಇವುಗಳಲ್ಲಿ ಹಿರಿಯಣ್ಣ ಯಾವುದು ಎಂದು ಕೇಳಿದರೆ ಬಹುಮಂದಿ ವಿಮಾನದತ್ತ ಬೆರಳು ತೋರಿಸಿಯಾರು. ಆದರೆ ಆ ಗೌರವ ಸಲ್ಲಬೇಕಾದ್ದು ಬ್ಯಾಟರಿಯಿಂದ ಓಡುತ್ತಿದ್ದ ಒಂದು ಪುಟ್ಟ ದೋಣಿಗೆ. ರೈಟ್ ಸೋದರರು ಆಕಾಶಕ್ಕೇರುವುದಕ್ಕೂ ಐದು ವರ್ಷ ಮೊದಲೇ ಅದು ನೀರಿಗಿಳಿದಿತ್ತು.

ಅದನ್ನು ಕಟ್ಟಿದವನು ನಿಕೊಲಾ ಟೆಸ್ಲಾ. ನಮಗೂ ಈತ ತೀರ ಅಪರಿಚಿತನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಮೂರು ಫೇಸಿನ ಪರ್ಯಾಯ ವಿದ್ಯುತ್ತಿನ ಹಿಂದೆ ಈತನ ತಲೆಯೂ ಇತ್ತು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ವಿದ್ಯುತ್ ಪ್ರದರ್ಶನವೊಂದು ನಡೆಯಿತು. ಅಲ್ಲಿ ನೀರು ತುಂಬಿದ ತೊಟ್ಟಿಯಲ್ಲಿ ಸುಮಾರು ನಾಲ್ಕು ಅಡಿ ಉದ್ದದ ಕಬ್ಬಿಣದ ದೋಣಿಯೊಂದನ್ನು ಟೆಸ್ಲಾ ಬಿಟ್ಟ. ದೂರದಲ್ಲಿ ನಿಂತು ಪೆಟ್ಟಿಗೆಯೊಂದರ ಹಿಡಿಯನ್ನು ಅತ್ತಿತ್ತ ತಿರುಗಿಸಿದರೆ ದೋಣಿ ಹೊರಳುತ್ತಿತ್ತು, ನಿಲ್ಲುತ್ತಿತ್ತು, ದೀಪ ಮಿನುಗಿಸುತ್ತಿತ್ತು. ನಡುವೆ ತಂತಿಯ ಸುಳಿವೇ ಇಲ್ಲ! ನೆರೆದವರಲ್ಲಿ ಕೆಲವರು ಮಾಟವೆಂದರಂತೆ, ಕೆಲವರು ಒಳಗೆ ಪಳಗಿದ ಕೋತಿ ಕೂತಿದೆ ಎಂದರಂತೆ. ರೇಡಿಯೊ ಎಂಬ ಮಾತೇ ಜನರ ಬಾಯಿಗೆ ಬಂದಿರದ ಕಾಲ ಅದು. ಮಾರ್ಕೋನಿಯ ಸಂಕೇತ ಅಟ್ಲಾಂಟಿಕ್ ದಾಟಲು ಇನ್ನೂ ಮೂರು ವರ್ಷ ಬಾಕಿ ಇತ್ತು.

ದೋಣಿಯೊಳಗಿನ ಏರ್ಪಾಡು ಇಂದಿನ ಹೈಸ್ಕೂಲು ಹುಡುಗನಿಗೂ ಅರ್ಥವಾಗುವಂಥದು. ಕಿರಿದಾದ ಕೊಳವೆಯೊಂದರಲ್ಲಿ ಲೋಹದ ಪುಡಿ ಇರುತ್ತದೆ. ಸಾಮಾನ್ಯವಾಗಿ ಅದು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡದು. ವಿದ್ಯುತ್ಕಾಂತ ತರಂಗ ಬಂದು ತಾಕಿದೊಡನೆ ಕಣಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಬಿಡುತ್ತವೆ. ಫ್ರಾನ್ಸಿನ ಬ್ರಾನ್ಲಿ 1890ರಲ್ಲಿ ತೋರಿಸಿಕೊಟ್ಟ ಗುಣವಿದು. ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಗೋಡೆಯಾಚೆ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದೂ ಇಂಥ ಅದೃಶ್ಯ ತರಂಗಗಳಿಂದಲೇ. ಆದರೆ ಒಮ್ಮೆ ಅಂಟಿದ ಪುಡಿ ತಾನಾಗಿ ಬಿಡಿಸಿಕೊಳ್ಳುವುದಿಲ್ಲ, ಅಲುಗಿಸಬೇಕು. ಪ್ರತಿ ಸಂಕೇತದ ನಂತರ ಕೊಳವೆ ತಾನೇ ಮಗುಚಿಕೊಳ್ಳುವಂತೆ ಟೆಸ್ಲಾ ಮಾಡಿದ. ಪ್ರತಿ ಸಂಕೇತಕ್ಕೂ ಒಂದು ಚಕ್ರ ಒಂದೊಂದು ಹೆಜ್ಜೆ ತಿರುಗುತ್ತಿತ್ತು. ಮೊದಲ ಹೆಜ್ಜೆಗೆ ಚುಕ್ಕಾಣಿ ಒಂದು ಕಡೆಗೆ, ಮುಂದಿನದಕ್ಕೆ ನಿಲುಗಡೆ, ಅದರ ಮುಂದಿನದಕ್ಕೆ ಇನ್ನೊಂದು ಕಡೆಗೆ. ಎಡಕ್ಕೆ ಬೇಕೆಂದರೆ ನೇರವಾಗಿ ಎಡ ಸಿಗದು, ಸರದಿಯಲ್ಲೇ ಹೋಗಬೇಕು. ನಗಬೇಡಿ, 1950ರ ದಶಕದ ಹವ್ಯಾಸಿಗಳೂ ಹೀಗೇ, ತಿರುಚಿದ ರಬ್ಬರಿನ ಬಲದಿಂದ ಹೆಜ್ಜೆಹೆಜ್ಜೆಗೆ ತಿರುಗುವ ಸಾಧನವನ್ನೇ ಬಳಸುತ್ತಿದ್ದರು.

1898ರ ನವೆಂಬರ್ 8ರಂದು ಪೇಟೆಂಟ್ ಸಿಕ್ಕಿತು. ಪರೀಕ್ಷಕ ಸ್ವತಃ ನ್ಯೂಯಾರ್ಕಿಗೆ ಬಂದು ದೋಣಿ ಓಡುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಒಪ್ಪಿದ ಎಂದು ಟೆಸ್ಲಾ ಮುಂದೆ ಬರೆದುಕೊಂಡಿದ್ದಾನೆ. ಇದನ್ನು ಸರ್ಕಾರಕ್ಕೆ ಕೊಡಲು ವಾಷಿಂಗ್ಟನ್ನಿಗೆ ಹೋದಾಗ ಅಧಿಕಾರಿಯೊಬ್ಬ ಗಹಗಹಿಸಿ ನಕ್ಕನಂತೆ. ಟೆಸ್ಲಾನ ಮನಸ್ಸಿನಲ್ಲಿದ್ದದ್ದು ಆಟಿಕೆಯಲ್ಲ. ಆ ವರ್ಷ ಅಮೆರಿಕ ಮತ್ತು ಸ್ಪೇನಿನ ನಡುವೆ ಯುದ್ಧ ನಡೆದಿತ್ತು. ಸ್ಫೋಟಕ ಹೊತ್ತ, ಮನುಷ್ಯರಿಲ್ಲದ ದೋಣಿಗಳು ಬಂದರೆ ನೌಕಾಪಡೆಗಳೇ ನಿರರ್ಥಕವಾಗಿ, ಕೊನೆಗೆ ಯುದ್ಧವೇ ನಿಂತೀತೆಂದು ಆತ ನಂಬಿದ್ದ. ಆ ದೋಣಿಗಳೇನೋ ಬಂದವು. 1917ರ ಅಕ್ಟೋಬರಿನಲ್ಲಿ ಬೆಲ್ಜಿಯಂ ಕರಾವಳಿಯಾಚೆ ಜರ್ಮನರ ಇಂಥದೊಂದು ದೋಣಿ ಬ್ರಿಟನ್ನಿನ ‘ಎರೆಬಸ್’ ಯುದ್ಧನೌಕೆಗೆ ಬಡಿಯಿತು. ಅದನ್ನು ನಡೆಸಿದ್ದು ಮಾತ್ರ ರೇಡಿಯೊ ಅಲ್ಲ, ಹಿಂದೆ ಬಿಚ್ಚಿಕೊಳ್ಳುತ್ತ ಸಾಗುತ್ತಿದ್ದ ತಂತಿ! 2022ರಲ್ಲಿ ಕಪ್ಪು ಸಮುದ್ರದ ಸೆವಾಸ್ಟೊಪೋಲ್ ಬಂದರಿನ ಮೇಲೆ ಉಕ್ರೇನು ಇಂಥ ದೋಣಿಗಳ ಹಿಂಡನ್ನೇ ನುಗ್ಗಿಸಿತು. ಯುದ್ಧ ನಿಲ್ಲುವ ಮಾತು ಮಾತ್ರ ಹಾಗೆಯೇ ಉಳಿಯಿತು.

ಅದೇನೇ ಇರಲಿ, ನಮಗಿಲ್ಲಿ ಕುತೂಹಲ ಬೇರೆ. ದೂರದಿಂದ ನಡೆಸುವ ವಿದ್ಯೆ ಮೊದಲ ದೋಣಿಯಲ್ಲೇ ಕೈಗೆ ಬಂತು. ಹಾಗಾದರೆ ವೇಗ ಬರಲು ನೂರು ವರ್ಷ ಏಕೆ ಹಿಡಿಯಿತು?

ಉತ್ತರದ ಒಂದು ತುದಿ ನೀರಿನಲ್ಲೇ ಇದೆ. ಸಾಗುವ ದೋಣಿ ತನ್ನ ಮುಂದೆ ಅಲೆ ಎಬ್ಬಿಸುತ್ತದೆ. ವೇಗ ಏರಿದಂತೆ ಅಲೆಯ ಉದ್ದವೂ ಏರಿ, ಕಡೆಗೆ ಅದು ದೋಣಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದಾಚೆಗೆ ದೋಣಿ ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತಬೇಕು. ನಾಲ್ಕಡಿ ದೋಣಿಗೆ ಈ ಎಲ್ಲೆ ಗಂಟೆಗೆ ಸುಮಾರು 5 ಕಿ.ಮೀ., ಅಂದರೆ ನಾವು ಸಂತೆಗೆ ನಡೆದು ಹೋಗುವ ವೇಗ. ದೋಣಿ ಚಿಕ್ಕದಾದಷ್ಟೂ ಎಲ್ಲೆ ಇನ್ನೂ ಕೆಳಗೆ. ಇದನ್ನು ಮೀರಲು ಒಂದೇ ದಾರಿ: ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರುವುದು, ಹುಡುಗರು ಕೆರೆಯಲ್ಲಿ ಬೀಸಿ ಎಸೆವ ಚಪ್ಪಟೆ ಕಲ್ಲಿನ ಹಾಗೆ. ಈ ಉಪಾಯವನ್ನು 1872ರಲ್ಲೇ ಇಂಗ್ಲೆಂಡಿನ ರಾಮಸ್ ಎಂಬ ಪಾದ್ರಿ ನೌಕಾಖಾತೆಗೆ ಬರೆದು ತಿಳಿಸಿದ್ದ. ಹಡಗಿನ ಮಾದರಿಗಳನ್ನು ತೊಟ್ಟಿಯಲ್ಲೆಳೆದು ನೋಡುತ್ತಿದ್ದ ವಿಲಿಯಂ ಫ್ರೌಡ್ ಇದನ್ನೂ ಪರೀಕ್ಷಿಸಿದ. ಅಷ್ಟು ವೇಗ ಕೊಡಬಲ್ಲ ಹಗುರವಾದ ಎಂಜಿನ್ನೇ ಇಲ್ಲವೆಂಬ ಕಾರಣಕ್ಕೆ ಅದು ಅಲ್ಲಿಗೇ ನಿಂತಿತು.

ಅಂದರೆ ಎಲ್ಲವೂ ತೂಕದ ಪ್ರಶ್ನೆ. ವಿದ್ಯುತ್ ದೋಣಿಗೆ ಆ ತೂಕವೆಂದರೆ ಬ್ಯಾಟರಿ. ಸೀಸದ ಬ್ಯಾಟರಿ ಒಂದು ಕಿಲೋಗ್ರಾಮಿಗೆ 30-40 ವಾಟ್-ಗಂಟೆಗಳಷ್ಟು ಶಕ್ತಿಯನ್ನು ಹೊರುತ್ತದೆ. ಸ್ವೀಡನ್ನಿನ ಯುಂಗ್ನರ್ 1899ರಲ್ಲಿ ರೂಪಿಸಿದ ನಿಕಲ್-ಕ್ಯಾಡ್ಮಿಯಂ ಕೋಶ ಇದಕ್ಕಿಂತ ತುಸು ಮೇಲು. ಅದು ಭದ್ರವಾಗಿ ಮುಚ್ಚಿದ ಪುಟ್ಟ ರೂಪದಲ್ಲಿ ಹವ್ಯಾಸಿಗಳ ಕೈಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅಲ್ಲಿಯವರೆಗೆ ಕೊಳಗಳಲ್ಲಿ ವೇಗವೆಂದರೆ ಉಗಿ ಮತ್ತು ಪೆಟ್ರೋಲ್ ಎಂಜಿನ್ನುಗಳ ಆರ್ಭಟ. ಆ ದೋಣಿಗಳನ್ನು ನಡುಗಂಬಕ್ಕೆ ತಂತಿಯಿಂದ ಕಟ್ಟಿ, ಗಾಣದ ಎತ್ತಿನಂತೆ ಸುತ್ತಿಸುತ್ತಿದ್ದರು.

ನಿಜವಾದ ತಿರುವು ಬಂದದ್ದು 1980ರ ದಶಕದಲ್ಲಿ. ನಿಯೋಡಿಮಿಯಂ ಸೇರಿದ ಪ್ರಬಲ ಕಾಂತಗಳು ಜಪಾನಿನಲ್ಲೂ ಅಮೆರಿಕದಲ್ಲೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು. ಹಳೆಯ ಮೋಟಾರಿನಲ್ಲಿ ಉಜ್ಜುತ್ತ, ಕಿಡಿ ಹಾರಿಸುತ್ತಿದ್ದ ಇಂಗಾಲದ ಬ್ರಷ್‌ಗಳ ಕೆಲಸವನ್ನು ಕ್ರಮೇಣ ಟ್ರಾನ್ಸಿಸ್ಟರುಗಳು ವಹಿಸಿಕೊಂಡವು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಸೋದರಿ ಲಿಥಿಯಂ-ಪಾಲಿಮರ್ ಕೋಶ ಇಂದು ಕಿಲೋಗ್ರಾಮಿಗೆ 150 ವಾಟ್-ಗಂಟೆಗೂ ಹೆಚ್ಚು ಹೊರುತ್ತದೆ. ಇಂಥ ಆರು ಕೋಶ ಸೇರಿದರೆ 22 ವೋಲ್ಟ್, ಹರಿವು 100 ಆಂಪಿಯರ್. ಗುಣಿಸಿ ನೋಡಿ: ಹೊಲದ ಮೂರು ಅಶ್ವಶಕ್ತಿಯ ಪಂಪ್‌ಸೆಟ್ಟಿನಷ್ಟು ಬಲ ತೋಳುದ್ದದ ದೋಣಿಯೊಳಗೆ! ಓಟ ಕೆಲವೇ ನಿಮಿಷದ್ದು, ಅದು ಬೇರೆ ಮಾತು.

ಬಲ ಸಿಕ್ಕರೂ ದೋಣಿ ಕಟ್ಟುವವನ ಕಷ್ಟ ಮುಗಿಯುವುದಿಲ್ಲ, ಅಲ್ಲಿಂದ ಶುರು. ಗಾಜುನಾರಿನ ಅಥವಾ ಇಂಗಾಲದ ನಾರಿನ ಒಡಲಿನಲ್ಲಿ ಬ್ಯಾಟರಿಯನ್ನು ಎಲ್ಲಿಡಬೇಕೆಂಬುದೇ ದೊಡ್ಡ ಲೆಕ್ಕ. ‘ವಿ’ ಆಕಾರದ ತಳದ ದೋಣಿಯಲ್ಲಿ ಗುರುತ್ವ ಕೇಂದ್ರ ಹಿಂಬದಿಯಿಂದ ಉದ್ದದ ಸುಮಾರು ಶೇ. 30ರಷ್ಟು ದೂರದಲ್ಲಿ ಬೀಳಬೇಕು. ಅದು ಮುಂದಾದರೆ ಮೂತಿ ನೀರಿಗೆ ಅಂಟುತ್ತದೆ, ಹಿಂದಾದರೆ ದೋಣಿ ಕುಪ್ಪಳಿಸುತ್ತದೆ. ಪ್ರೊಪೆಲರು ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತದೆ. ಇದು ಕೂಡ ದೊಡ್ಡ ದೋಣಿಗಳಿಂದ ಬಂದ ಪಾಠ. 1950ರಲ್ಲಿ ಅಮೆರಿಕದ ‘ಸ್ಲೋ-ಮೋ-ಷನ್’ ದೋಣಿ ಮುಂದಿನ ಎರಡು ಪಾದ ಮತ್ತು ಹಿಂದಿನ ಪ್ರೊಪೆಲರು, ಈ ಮೂರರ ಮೇಲಷ್ಟೇ ನಿಂತು ಗಂಟೆಗೆ 258 ಕಿ.ಮೀ. ಓಡಿ ದಾಖಲೆ ಮಾಡಿತ್ತು. ಕಾದ ಮೋಟಾರನ್ನು ತಣಿಸಲು ಪಂಪೇನೂ ಬೇಡ. ಹಿಂದೆ ಚಾಚಿದ ಸಣ್ಣ ಕೊಳವೆಗೆ ಓಟದ ಭರದಲ್ಲಿ ತಾನೇ ನುಗ್ಗುವ ಕೆರೆಯ ನೀರು ಸಾಕು. ಈ ಸರಳತೆ ನನಗಂತೂ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ. ಲಿಥಿಯಂ ಕೋಶ ಮಾತ್ರ ಪೆಟ್ಟು ತಿಂದರೆ ಹೊತ್ತಿಕೊಳ್ಳುವ ಜಾತಿ. ಬಲ್ಲವರು ಅದನ್ನು ಚಾರ್ಜಿಗೆ ಹಾಕಿ ಮಲಗಲು ಹೋಗುವುದಿಲ್ಲ.

ಹೀಗೆ ಕಟ್ಟಿದ ಪಂದ್ಯದ ದೋಣಿಗಳು ಗಂಟೆಗೆ 100 ಕಿ.ಮೀ. ದಾಟುತ್ತವೆ. ಆ ವೇಗದಲ್ಲಿ ಶತ್ರು ನೀರಲ್ಲ, ಗಾಳಿ. ಮೂತಿ ಕೊಂಚ ಎದ್ದರೂ ಗಾಳಿ ಕೆಳಗೆ ನುಗ್ಗಿ ದೋಣಿಯನ್ನೇ ಮಗುಚುತ್ತದೆ. 1967ರ ಜನವರಿ 4ರಂದು ಕೋನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ಲನ ‘ಬ್ಲೂಬರ್ಡ್’ ಹೀಗೆಯೇ ಎದ್ದು ಪಲ್ಟಿ ಹೊಡೆದು ಆತನ ಪ್ರಾಣ ಹೋಯಿತು. ಮಾದರಿ ದೋಣಿಯಲ್ಲಿ ಪ್ರಾಣಹಾನಿ ಇಲ್ಲ. ಒಡಲಿನ ಸಂದುಗಳಲ್ಲಿ ತೇಲುವ ಫೋಮ್ ತುಂಬಿ, ಮುಚ್ಚಳದ ಸುತ್ತ ನೀರು ಹೋಗದ ಟೇಪು ಅಂಟಿಸಿರುತ್ತಾರೆ. ದೋಣಿ ಹೊಟ್ಟೆ ಮೇಲಾಗಿ ಕೆರೆಯ ನಡುವೆ ತೇಲುತ್ತದೆ. ರೇಡಿಯೊ ಕೆಲಸ ಮಾಡುತ್ತಲೇ ಇರುತ್ತದೆ, ಚುಕ್ಕಾಣಿ ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಆಗ ಯಾರಾದರೂ ದಡದಲ್ಲಿ ಕಟ್ಟಿರುವ ಹುಟ್ಟುದೋಣಿಯನ್ನು ಬಿಚ್ಚಿಕೊಂಡು, ಅದನ್ನು ತರಲು ಹುಟ್ಟು ಹಾಕುತ್ತ ಹೋಗಬೇಕು.