ಗಾಜಿನ ಮೇಲೆ ಮರಳಿನ ಚಿತ್ತಾರ: ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಕೇ?

ಬಾಗಿಲು, ಕಿಟಕಿ, ದೇವರ ಕೋಣೆಯ ಗಾಜಿನಲ್ಲಿ ಮಂಜು ಕವಿದಂತೆ ಕಾಣುವ ಬಳ್ಳಿ, ನವಿಲುಗಳನ್ನು ನೀವು ನೋಡಿರುತ್ತೀರಿ. ಇವುಗಳಲ್ಲಿ ಹಲವು ಸ್ಯಾಂಡ್‌ಬ್ಲಾಸ್ಟಿಂಗ್‌ನಿಂದ ಮೂಡಿದವು. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು.

ಇದನ್ನು ಹೇಗೆ ಮಾಡುತ್ತಾರೆ?

ಗಾಜಿಗೆ ರಬ್ಬರ್ ಅಥವಾ ವಿನೈಲ್ ಹಾಳೆ ಅಂಟಿಸಿ, ಚಿತ್ರದ ಭಾಗವನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ನಂತರ ಕಂಪ್ರೆಸರ್ ಗಾಳಿಯೊಂದಿಗೆ ಗಟ್ಟಿ ಕಣಗಳನ್ನು ರಭಸವಾಗಿ ಹೊಡೆಯುತ್ತಾರೆ. ಮೆತ್ತನೆಯ ಹಾಳೆ ಪೆಟ್ಟು ತಾಳಿಕೊಳ್ಳುತ್ತದೆ. ಪೆಡಸಾದ ಗಾಜು ಪುಡಿಪುಡಿಯಾಗಿ ಏಳುತ್ತದೆ. ಒರಟಾದ ಆ ಜಾಗದಲ್ಲಿ ಬೆಳಕು ಚದುರುವುದರಿಂದ ಬಿಳಿಯಾಗಿ ಕಾಣುತ್ತದೆ. ಇದು ಬಣ್ಣವಲ್ಲ, ತೊಳೆದರೆ ಹೋಗದು.

ಅಪಾಯ ಎಲ್ಲಿದೆ?

ಗಾಜಿನ ಪುಡಿಯೇ ದೊಡ್ಡ ಅಪಾಯ ಎನ್ನುವುದು ತಪ್ಪು ತಿಳಿವಳಿಕೆ. ಅದು ಕಣ್ಣು, ಗಂಟಲನ್ನು ಕೆರಳಿಸುತ್ತದೆ, ನಿಜ. ಆದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದು ಮರಳಿನಲ್ಲಿರುವ ಸ್ಫಟಿಕ ರೂಪದ ಸಿಲಿಕಾ. ಮರಳು ಒಡೆದಾಗ ಏಳುವ ಕಣ್ಣಿಗೆ ಕಾಣದ ಧೂಳನ್ನು ಕರ್ಚೀಫ್ ತಡೆಯದು. ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲ. ಕ್ಷಯ ತಗಲುವ ಅಪಾಯವೂ ಹೆಚ್ಚು. ಜೀನ್ಸ್ ಬಟ್ಟೆಗೆ ಮರಳು ಹೊಡೆಯುತ್ತಿದ್ದ ಯುವ ಕಾರ್ಮಿಕರು ಇದರಿಂದಲೇ ಸತ್ತ ಮೇಲೆ, ಟರ್ಕಿ 2009ರಲ್ಲಿ ಆ ಕೆಲಸಕ್ಕೆ ಮರಳು ಬಳಸುವುದನ್ನು ನಿಷೇಧಿಸಿತು.

ಏನು ಮಾಡಬೇಕು?

ಮರಳಿನ ಬದಲು ಅಲ್ಯೂಮಿನಿಯಂ ಆಕ್ಸೈಡ್ ಕಣ ಬಳಸಬೇಕು. ಮುಚ್ಚಿದ ಪೆಟ್ಟಿಗೆಯೊಳಗೇ ಹೊಡೆಯಬೇಕು. ಧೂಳು ಹೀರುವ ವ್ಯವಸ್ಥೆ, ಸರಿಯಾದ ರೆಸ್ಪಿರೇಟರ್ ಇರಲೇಬೇಕು.

ನಮ್ಮ ತೀರ್ಮಾನ: ಮರಳು ಬೇಡ, ಕರ್ಚೀಫ್ ಸಾಲದು. ‘ಮನೆಯಲ್ಲೇ ಮಾಡಿ’ ಎನ್ನುವ ವಿಡಿಯೋ ಬಂದರೆ, ಅದರಲ್ಲಿ ಬಳಸಿದ್ದು ಮರಳೇ ಎಂದು ನೋಡಿ. ಹೌದಾದರೆ ಫಾರ್ವರ್ಡ್ ಮಾಡಬೇಡಿ.