ವಿಭಕ್ತಿ ಮತ್ತು ವಿಶ್ವಾಸ

ಮೈಸೂರು ಪ್ರಾಂತದ ಧರ್ಮಾಧ್ಯಕ್ಷ ಶಾರ್ಬೊನೊ ಹಾಗೂ ಅವರ ಸಹಮಿಷನರಿಗಳ ಲತೀನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಮುದ್ರಣಗೊಂಡಿತು. ಪದಗಳ ಅರ್ಥವು ನಿಘಂಟಿನಲ್ಲಿ ದೊರೆಯುತ್ತದೆ. ಅವುಗಳ ಪರಸ್ಪರ ಸಂಬಂಧವನ್ನು ವಿಭಕ್ತಿಯೇ ತಿಳಿಸಬೇಕು.

ಕೇಶಿರಾಜನ ಏಳು ವಿಭಕ್ತಿಗಳನ್ನು ಓದಿರುವ ನಮಗೆ ಲತೀನಿನ ಆರು ವಿಭಕ್ತಿಗಳು ತೀರ ಅಪರಿಚಿತವಲ್ಲ. ಇಂದಿನ ಕನ್ನಡದ 'ಇಂದ' ಪ್ರತ್ಯಯವು ಕರಣವನ್ನೂ ಅಪಾದಾನವನ್ನೂ ಸೂಚಿಸುವಂತೆ ಅಲ್ಲಿನ ಅಬ್ಲಾತಿವುಸ್ ಎರಡನ್ನೂ ಸೂಚಿಸುತ್ತದೆ. 'ಇನ್' ಎಂಬುದರೊಡನೆ ಸಪ್ತಮಿಯ ಕಾರ್ಯವನ್ನೂ ಮಾಡುತ್ತದೆ.

ಆದರೆ ವಿಶ್ವಾಸಪ್ರಮಾಣದಲ್ಲಿರುವುದು 'ಇನ್ ದೇಉಮ್'. 'ಇನ್ ದೇಓ' ಅಲ್ಲ. ಅದು ದ್ವಿತೀಯೆ, ಚಲನೆಯ ಗುರಿಯನ್ನು ತೋರುವ ರೂಪ. ನಾವು 'ದೇವರಲ್ಲಿ' ಎನ್ನುವಾಗ ನೆಲೆ ಕಾಣುತ್ತದೆ, ಗತಿ ಮರೆಯಾಗುತ್ತದೆ. ಸಂತ ಅಗುಸ್ತೀನರು ಯೊವಾನ್ನನ ಶುಭಸಂದೇಶದ ಪ್ರಬೋಧನೆಗಳಲ್ಲಿ ಇಂತಹ ವಿಶ್ವಾಸವನ್ನು ಕ್ರಿಸ್ತರೊಳಗೆ ಸಾಗುವ ನಡೆಯೆಂದೇ ವಿವರಿಸಿದರು. ಆದುದರಿಂದ ವಿಭಕ್ತಿಗಳ ಕಂಠಪಾಠವನ್ನು ನಾವು ಬೋಧನೆಯ ಸಿದ್ಧತೆಯೆಂದೇ ಎಣಿಸುವುದು ಉಚಿತ.