ಯಿ ಜಿಂಗ್

'ಐ ಚಿಂಗ್' ಎಂದು ನಾವು ಓದುವ ಈ ಪ್ರಾಚೀನ ಚೀನೀ ಶಕುನಗ್ರಂಥದ ಹೆಸರಿನ ಉಚ್ಚಾರ 'ಯಿ ಜಿಂಗ್'. 'ಯಿ' ಎಂದರೆ ಬದಲಾವಣೆ. 'ಜಿಂಗ್' ಮೂಲದಲ್ಲಿ ಮಗ್ಗದ ಹಾಸುನೂಲು. ಮುಂದೆ ಪ್ರಮಾಣಗ್ರಂಥ ಎಂಬ ಅರ್ಥ ಬಂತು. ನಮ್ಮ 'ಸೂತ್ರ'ವೂ ನೂಲೇ ಅಲ್ಲವೇ! ಬೌದ್ಧ ಸೂತ್ರಗಳನ್ನು ಅನುವಾದಿಸಿದಾಗ ಚೀನೀಯರು ಬಳಸಿದ್ದೂ ಇದೇ 'ಜಿಂಗ್'.

ಪ್ರಶ್ನೆ ಕೇಳುವವರು ಮೂರು ನಾಣ್ಯಗಳನ್ನು ಆರು ಸಲ ಚಿಮ್ಮುತ್ತಾರೆ. ಒಂದು ಮುಖಕ್ಕೆ 3, ಇನ್ನೊಂದಕ್ಕೆ 2 ಎಂದು ಕೂಡಿದಾಗ ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ತುಂಡಾದ ಗೆರೆ. ಕೆಳಗಿನಿಂದ ಮೇಲಕ್ಕೆ ಆರು ಗೆರೆ ಎಳೆದರೆ 'ಗುವಾ' ಎಂಬ 64 ಆಕೃತಿಗಳಲ್ಲಿ ಒಂದು ಮೂಡುತ್ತದೆ. 6 ಅಥವಾ 9 ಬಂದ ಗೆರೆ ಮಗುಚಿ ಮತ್ತೊಂದು ಗುವಾ ಹುಟ್ಟುತ್ತದೆ. ನನಗೆ ಬಹಳ ಹಿಡಿಸುವುದು ಇದೇ. ಕೆಲಸ ಬಿಡಲೇ ಎಂದು ಕೇಳಿದವರಿಗೆ ಇಲ್ಲಿ ಸಿಗುವುದು ಹೌದು-ಅಲ್ಲಗಳ ತೀರ್ಪಲ್ಲ, ಈಗಿನ ಸ್ಥಿತಿ ಎತ್ತ ಹೊರಳುತ್ತಿದೆ ಎಂಬ ಸೂಚನೆ.